ಜೋನಿ ಮಿಚೆಲ್: ‘ಕೋರ್ಟ್ ಅಂಡ್ ಸ್ಪಾರ್ಕ್’ ಮೊದಲೋ, ‘ಹೆಜೀರಾ’ ಮೊದಲೋ?

ಇವೆರಡೂ ಕೆನಡಾ ಮೂಲದ ಗಾಯಕಿ, ಗೀತರಚನೆಕಾರ್ತಿ ಜೋನಿ ಮಿಚೆಲ್ ಅವರ ಆಲ್ಬಮ್‌ಗಳು. ರಾಕ್ ಕೇಳಿ ಬೆಳೆದು, ಜಾಝ್ ಇನ್ನೂ ಹೊಸದು ಅನ್ನುವವರು 1974ರ ‘ಕೋರ್ಟ್ ಅಂಡ್ ಸ್ಪಾರ್ಕ್’ನಿಂದ ಶುರುಮಾಡಿ. ಟಾಮ್ ಸ್ಕಾಟ್ ಅವರ ಎಲ್.ಎ. ಎಕ್ಸ್‌ಪ್ರೆಸ್ ತಂಡದ ಜಾಝ್ ನುಡಿಸಾಣಿಕೆ ಇದ್ದರೂ ಹಾಡುಗಳು ಚಿಕ್ಕವು, ಮಟ್ಟುಗಳು ಬೇಗ ಬಾಯಿಗೆ ಬರುತ್ತವೆ. ಅಮೆರಿಕದ ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯಲ್ಲಿ ಇದು 2ನೇ ಸ್ಥಾನಕ್ಕೇರಿತು. ಇದರ ‘ಹೆಲ್ಪ್ ಮಿ’ ಅಮೆರಿಕದಲ್ಲಿ ಮೊದಲ ಹತ್ತರೊಳಗೆ ಬಂದ ಜೋನಿಯ ಒಂದೇ ಹಾಡು.

1976ರ ‘ಹೆಜೀರಾ’ ತಾಳ್ಮೆ ಕೇಳುತ್ತದೆ. ಪಲ್ಲವಿ ಹುಡುಕಿದರೆ ಹೆಚ್ಚೇನೂ ಸಿಗದು. ‘ಸಾಂಗ್ ಫಾರ್ ಶರಾನ್’ ಒಂದೇ ಎಂಟು ನಿಮಿಷಕ್ಕೂ ಹೆಚ್ಚು. ಆದರೆ ಜಾಝ್ ಬೇಸ್ ಗಿಟಾರ್ ವಾದಕ ಜಾಕೊ ಪಾಸ್ಟೋರಿಯಸ್ ನುಡಿಸಿರುವ ನಾಲ್ಕು ಹಾಡುಗಳನ್ನು ಹೆಡ್‌ಫೋನಿನಲ್ಲೇ ಕೇಳಿ: ಅವರ ಫ್ರೆಟ್‌ಲೆಸ್ (ಮೆಟ್ಟಿಲುಗಳಿಲ್ಲದ) ಬೇಸ್ ಬರೀ ತಾಳ ಹಿಡಿಯುವುದಿಲ್ಲ, ಗಮಕದ ಹಾಗೆ ಜಾರುತ್ತಾ ಜೋನಿಯ ದನಿಗೆ ಮಾರುತ್ತರ ಕೊಡುತ್ತದೆ. ಕರ್ನಾಟಕ ಸಂಗೀತದ ಕಿವಿಯಿದ್ದವರಿಗೆ ಇದೇ ಹತ್ತಿರವಾದೀತು.

ಸಾಹಿತ್ಯಕ್ಕಾಗಿ ಕೇಳುವವರಿಗೂ, ರಾತ್ರಿಯ ದೂರದ ಪ್ರಯಾಣಕ್ಕೂ ‘ಹೆಜೀರಾ’. ಇದರ ಸಾಕಷ್ಟು ಹಾಡುಗಳನ್ನು ಜೋನಿ ರಸ್ತೆ ಪ್ರಯಾಣದಲ್ಲೇ ಬರೆದದ್ದು. ಮನೆಯಲ್ಲಿ ನಾಲ್ಕು ಜನರ ನಡುವೆ ಹಾಕಲು, ಮುಕ್ಕಾಲು ಗಂಟೆಯ ಬಿಡುವಿಗೆ ‘ಕೋರ್ಟ್ ಅಂಡ್ ಸ್ಪಾರ್ಕ್’. ಜಾಝ್ ಸಂಗೀತಗಾರ ಚಾರ್ಲ್ಸ್ ಮಿಂಗಸ್ ಜೊತೆಗಿನ 1979ರ ‘ಮಿಂಗಸ್’ ಅನ್ನು ಇವೆರಡೂ ಹಿಡಿಸಿದ ಮೇಲೆ ನೋಡಿ.