ಬಾಟ್ಲಿ ಸ್ಟೆರಿಲೈಜರ್: ಕರೆಂಟಿಗಿಂತ ನಮ್ಮ ರಾಯಚೂರು ನೀರಿಂದೇ ಖರ್ಚು

ಕೂಸಿನ ಬಾಟ್ಲಿ ಸ್ಟೆರಿಲೈಜ್ ಮಾಡೋ, ಅಂದ್ರ ಉಗಿ ಕೊಟ್ಟು ಕ್ರಿಮಿ ಕೊಲ್ಲೋ ಎಲೆಕ್ಟ್ರಿಕ್ ಮಷೀನ್ ತಗೊಂಡ್ರ ಬಿಲ್ ಎಷ್ಟು ಏರ್ತದ ಅಂತ ನಮ್ಮ ಓಣ್ಯಾಗ ಬಾಳ ಮಂದಿ ಕೇಳ್ತಾರ, ಅದಕ್ಕ ಲೆಕ್ಕ ಬಿಡಿಸಿ ಬರೀತೀನಿ. ನಾನು ಡ್ಯೂಟಿಗೆ ಹೋಗೋಕಿ, ಹಾಲು ಪಂಪ್ ಮಾಡಿ ಫ್ರಿಜ್ಜಿನ್ಯಾಗ ಇಟ್ಟು ಹೋಗ್ತೀನಿ, ಹಗಲೊತ್ತು ಅತ್ತಿಯವರು ಕುಡಸ್ತಾರ, ಹಿಂಗಾಗಿ ದಿನಕ್ಕ ಎರಡು ಸಲ ಬಾಟ್ಲಿ, ನಿಪ್ಪಲ್, ಪಂಪಿನ ಸಾಮಾನು ಎಲ್ಲಾ ಸ್ಟೆರಿಲೈಜ್ ಆಗ್ಲೇಬೇಕು.

ನಮ್ಮದು ಆರು ಬಾಟ್ಲಿ ಹಿಡಿಯೋ ಸ್ಟೀಮ್ ಮಷೀನ್, 600 ವಾಟ್, 2,500 ರೂಪಾಯಿ ಬಿತ್ತು. ತಳದ ಪ್ಲೇಟಿಗೆ ಅದರ ಜೊತಿ ಬಂದ ಸಣ್ಣ ಕಪ್ಪಿನ್ಯಾಗ ಅಳದು ನೀರು ಹಾಕ್ಬೇಕು, ಬಟನ್ ಒತ್ತಿದ್ರ ಹತ್ತು ನಿಮಿಷದಾಗ ಉಗಿ ಎದ್ದು, ನೀರು ಪೂರ್ತಿ ಆರಿದ ಮ್ಯಾಲ ಟಕ್ ಅಂತ ತಾನ ಬಂದ್ ಆಗ್ತದ. 600 ವಾಟ್ ಹತ್ತು ನಿಮಿಷ ಅಂದ್ರ 0.1 ಯೂನಿಟ್, ಯೂನಿಟ್ಟಿಗೆ 7 ರೂಪಾಯಿ ಹಿಡಿದ್ರೂ ಒಂದ್ಸಲಕ್ಕ 70 ಪೈಸೆ, ತಿಂಗಳಿಗೆ 6 ಯೂನಿಟ್, 42 ರೂಪಾಯಿ. ಗೃಹಜ್ಯೋತಿ ಇದ್ದವ್ರು ಒಂದು ನೋಡ್ಕೋರಿ, ಅಲ್ಲಿ 200 ಯೂನಿಟ್ ಅನ್ನೋದು ಎಲ್ಲಾರಿಗೂ ಸೀದಾ ಫ್ರೀ ಅಲ್ಲ, ನಿಮ್ಮ ಮನಿ ಹಿಂದಿನ ಸರಾಸರಿ ಮ್ಯಾಲ ಸ್ವಲ್ಪ ಸೇರಿಸಿ ಒಂದು ಮಿತಿ ಇಟ್ಟಿರ್ತಾರ, ಅದರೊಳಗ ಇದ್ರ ಜೆಸ್ಕಾಂ ಬಿಲ್ ಸೊನ್ನೆ, ದಾಟಿದ್ರ ಹೆಚ್ಚಿಗಿದ್ದಷ್ಟು ಕಟ್ಟಬೇಕು, 200 ದಾಟಿದ್ರಂತೂ ಪೂರ್ತಿ ಬಿಲ್ ಮೈಮ್ಯಾಲ ಬರ್ತದ. ಬ್ಯಾಸಗ್ಯಾಗ ಕೂಲರ್ ಓಡೋವಾಗ 195ರ ಹತ್ರ ಇರೋ ಮನಿಗೆ ಈ ಆರು ಯೂನಿಟ್ಟೂ ದೊಡ್ಡದೇ.

ಮಷೀನ್ ಇಲ್ದ ಗ್ಯಾಸ್ ಮ್ಯಾಲ ಬಾಟ್ಲಿ ಕುದಿಸೋ ಲೆಕ್ಕ ಬ್ಯಾರೆ. ದೊಡ್ಡ ಬೋಗಾಣ್ಯಾಗ ಎರಡೂವರಿ ಲೀಟರ್ ನೀರು ಕುದಿಸಿ ಮತ್ತ ಹತ್ತು ನಿಮಿಷ ಕುದಿಯಾಕ ಬಿಟ್ರ ಅಂದಾಜು 40 ಗ್ರಾಂ ಗ್ಯಾಸ್ ಹೋಗ್ತದ. 14.2 ಕೆಜಿ ಸಿಲಿಂಡರ್ 900 ರೂಪಾಯಿ ಅಂತ ಹಿಡಿದ್ರ ಅದು ಎರಡೂವರಿ ರೂಪಾಯಿ, ತಿಂಗಳಿಗೆ 150. ಅಂದ್ರ ಮಷೀನಿಂದ ತಿಂಗಳಿಗೆ ನೂರು ಚಿಲ್ಲರ ಉಳೀತದ, ವರ್ಷ ಪೂರ್ತಿ ಓಡಿಸಿದ್ರೂ ಮಷೀನಿನ ರೊಕ್ಕ ವಾಪಸ್ ಬರಂಗಿಲ್ಲ. ರೊಕ್ಕ ಉಳಸಾಕ ಅಂತ ಯಾರೂ ತಗೋಬ್ಯಾಡ್ರಿ. ಏಪ್ರಿಲ್ ಮೇದಾಗ ನಮ್ಮ ಕಡಿ ಅಡಿಗಿಮನ್ಯಾಗ ಒಲಿ ಮುಂದ ನಿಂದ್ರೋದು ತಪ್ತದ, ಕುದಿಯೋ ನೀರಾಗಿಂದ ಇಕ್ಕಳ ಹಾಕಿ ನಿಪ್ಪಲ್ ಹುಡುಕೋದು ತಪ್ತದ, ಅತ್ತಿಯವರಿಗೂ ಹಗುರ ಆಗ್ತದ, ಅದಕ್ಕ ನಾನು ಕೊಟ್ಟ ದುಡ್ಡಿಗೆ ಸಮಾಧಾನ ಇದೆ.

ನಿಜವಾದ ಖರ್ಚು ನೀರಿಂದು. ಬೋರ್ ನೀರು ಹಾಕಿದ್ರ ನಾಲ್ಕೇ ದಿನದಾಗ ಪ್ಲೇಟ್ ಮ್ಯಾಲ ಬೆಳ್ಳಗ ಪದರ ಕಟ್ತದ, ಉಗುರಲೆ ಕೆರೆದ್ರ ಸುಣ್ಣದ ಚಕ್ಕಿ ಏಳ್ತಾವ, ನಡುವ ಕಂದು ಕಲಿ ಬಿದ್ದು ಸುಟ್ಟ ವಾಸನಿ ಬರ್ತದ, ಬಾಟ್ಲಿ ಮ್ಯಾಲೂ ಬಿಳಿ ಚುಕ್ಕಿ. ಹಂಗ ಬಿಟ್ರ ಪ್ಲೇಟ್ ಸುಟ್ಟು ಮಷೀನ್ ಹೋಗ್ತದ, ಅದು 2,500 ರೂಪಾಯಿ ನಷ್ಟ. ಚಾಕು, ಬ್ರಷ್ ಹಾಕಿ ತಿಕ್ಕಬ್ಯಾಡ್ರಿ, ಕೋಟಿಂಗ್ ಏಳ್ತದ. ಒಂದು ಚಮಚ ಸಿಟ್ರಿಕ್ ಆಸಿಡ್ ಪುಡಿ ಬೆಚ್ಚನ ನೀರಾಗ ಕಲಸಿ ಪ್ಲೇಟ್ ಮ್ಯಾಲ ಹಾಕ್ರಿ, ಸ್ವಿಚ್ ಬಂದ್ ಇರ್ಲಿ, ಸಣ್ಣ ಗುಳ್ಳಿ ಎದ್ದು ಸುಣ್ಣ ಬಿಡ್ತದ, ಅರ್ಧ ತಾಸು ಬಿಟ್ಟು ಒರಸಿ ಎರಡು ಸಲ ನೀರು ಹಾಕಿ ಚೆಲ್ರಿ. ಪುಡಿ ಕಿರಾಣಿ ಅಂಗಡ್ಯಾಗ ಸಿಗ್ತದ, ಸಣ್ಣ ಪಾಕೀಟು ತಿಂಗಳುಗಟ್ಲೆ ಬರ್ತದ. ನಾವು ಈಗ ಓಣಿ ಶುದ್ಧ ನೀರಿನ ಘಟಕದ್ದೇ ನೀರು ಹಾಕ್ತೀವಿ, ಒಂದ್ಸಲಕ್ಕ ಅರ್ಧ ಲೋಟಾನೂ ಹತ್ತಂಗಿಲ್ಲ, ಸುಣ್ಣ ಕಟ್ಟೋದು ಬಾಳ ಕಡಿಮಿ ಆಗ್ಯದ.

ಕರೆಂಟ್ ಹೋದಾಗ? ನಮ್ಮ ಜಿಲ್ಲಾದ ಶಕ್ತಿನಗರದಾಗೇ ಕರೆಂಟ್ ತಯಾರಾಗ್ತದ, ನಮ್ಮ ಮನ್ಯಾಗ ಹೋಗ್ತದ. ಸಣ್ಣ ಇನ್ವರ್ಟರ್ ಮ್ಯಾಲ 600 ವಾಟ್ ಹಚ್ಚಬ್ಯಾಡ್ರಿ. ಅವಾಗ ಇಡ್ಲಿ ಪಾತ್ರಿನ ಗತಿ, ಕೆಳಗ ಅರ್ಧ ಲೀಟರ್ ನೀರು, ಮ್ಯಾಲ ತೂತಿನ ತಟ್ಟಿ ಮ್ಯಾಲ ತೊಳದ ಬಾಟ್ಲಿ ಬೋರಲ ಇಟ್ಟು, ಉಗಿ ಬಂದ ಮ್ಯಾಲ ಹತ್ತು ನಿಮಿಷ. ನೀರು ಕಮ್ಮಿ ಇರೋದ್ರಿಂದ ಗ್ಯಾಸ್ ಬೋಗಾಣಿದರ ಅರ್ಧಾನೂ ಹತ್ತಂಗಿಲ್ಲ. ಒಂದೆರಡು ಬಾಟ್ಲಿ ಇರೋ ಮನಿಗೆ ಇಷ್ಟೇ ಸಾಕು ಅಂತ ನನ್ನ ಅಭಿಪ್ರಾಯ.

ಎಷ್ಟು ತಿಂಗಳು ಮಾಡ್ಬೇಕು ಅನ್ನೋದ್ರ ಮ್ಯಾಲೂ ಖರ್ಚು ನಿಂತದ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ವರ್ಷ ತುಂಬೋ ತನಕ ಮಾಡ್ರಿ ಅಂತದ, ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ 2 ತಿಂಗಳೊಳಗಿನ ಕೂಸು, ತಿಂಗಳು ತುಂಬದೆ ಹುಟ್ಟಿದ ಕೂಸು, ಇಮ್ಯೂನಿಟಿ ಕಮ್ಮಿ ಇರೋ ಕೂಸಿಗೆ ದಿನಾ ಮಾಡೋದು ಮುಖ್ಯ ಅಂತದ. ನಿಮ್ಮ ಮಕ್ಕಳ ಡಾಕ್ಟರ್‌ನ ಕೇಳ್ರಿ. ಯಾವ ರೀತಿ ಮಾಡಿದ್ರೂ ಮೊದಲು ಸೋಪ್ ಹಚ್ಚಿ ಬ್ರಷ್‌ಲೆ ತೊಳಿಲೇಬೇಕು, ಹಾಲಿನ ಜಿಡ್ಡು ಉಳಿದ್ರ ಉಗಿ ಕೊಟ್ಟೂ ಉಪಯೋಗ ಇಲ್ಲ.

ನಿಪ್ಪಲ್ ಖರ್ಚು ಮರೀಬ್ಯಾಡ್ರಿ, ಅಂಟಂಟು ಆದ್ರ, ಸೀಳಿದ್ರ ತಕ್ಷಣ ಒಗೀರಿ. ಬಾಟ್ಲಿ ತಗೋವಾಗ ಐಎಸ್‌ಐ ಗುರುತು, ಪ್ಲಾಸ್ಟಿಕ್ ಹಾಲಿನ ಬಾಟ್ಲಿಗಿರೋ ಗುಣಮಟ್ಟದ ಐಎಸ್ 14625 ನಂಬರ್ ನೋಡ್ರಿ. ಮಷೀನ್ ಹೊಸದೇ ಬೇಕಂತಿಲ್ಲ, ವರ್ಷ ಆದ್ಮ್ಯಾಲ ಎಲ್ಲಾರ ಮನ್ಯಾಗೂ ಅಟ್ಟ ಸೇರ್ತದ, ಸಂಬಂಧಿಕರತ್ರ ಕೇಳಿದ್ರ ಸಿಗ್ತದ, ಬರೇ ಪ್ಲೇಟ್ ಸುಟ್ಟಿಲ್ಲ, ವೈರ್ ಸೀಳಿಲ್ಲ, ನೀರು ಆರಿದ ಮ್ಯಾಲ ತಾನ ಬಂದ್ ಆಗ್ತದ ಅನ್ನೋದು ಅವರ ಮನ್ಯಾಗೇ ಹಚ್ಚಿ ನೋಡಿ ತಗೊಂಡ್ ಬರ್ರಿ.