ಕೈಡೆಕ್ಸೋ, ಚರ್ಮವೋ: ಎರಡನ್ನೂ ವರ್ಷಗಟ್ಟಲೆ ಸೊಂಟಕ್ಕೆ ಕಟ್ಟಿದವನ ಮಾತು

ದಿನಾ ಪಿಸ್ತೂಲು ಇಟ್ಟುಕೊಂಡು ಓಡಾಡುವವರಿಗೆ ನನ್ನ ಓಟು ಕೈಡೆಕ್ಸ್‌ಗೆ. ಅಂದರೆ ಗಟ್ಟಿ ಪ್ಲಾಸ್ಟಿಕ್ ಹೋಲ್‌ಸ್ಟರ್‌ಗೆ, ಗನ್ ಇಟ್ಟುಕೊಳ್ಳುವ ಒರೆಗೆ. ಆದರೂ ನನ್ನ ಚರ್ಮದ ಹೋಲ್‌ಸ್ಟರ್ ಮೂಲೆ ಸೇರಿಲ್ಲ. ಅದಕ್ಕೂ ಒಂದು ಕೆಲಸ ಉಳಿದಿದೆ, ಅದನ್ನು ಆಮೇಲೆ ಹೇಳುತ್ತೇನೆ.

ನನ್ನ ಹತ್ತಿರ ಇರುವುದು ಮಧ್ಯಮ ಗಾತ್ರದ 9 ಎಂಎಂ ಪಿಸ್ತೂಲು. ಸ್ಟ್ರೈಕರ್‌ನದ್ದು, ಅಂದರೆ ಗುಂಡಿಗೆ ಬಡಿಯುವ ಸೂಜಿ ಒಳಗೇ ಸ್ಪ್ರಿಂಗಿನಿಂದ ಮುನ್ನುಗ್ಗುವಂಥದ್ದು. ಹೊರಗೆ ಹ್ಯಾಮರ್ (ಬಡಿಯುವ ಸುತ್ತಿಗೆಯಂಥ ಭಾಗ) ಇಲ್ಲ, ಹೆಬ್ಬೆರಳಿನಿಂದ ಒತ್ತುವ ಸೇಫ್ಟಿಯೂ ಇಲ್ಲ. ಜೊತೆಗೆ ಒಂದು ಚಿಕ್ಕ ರಿವಾಲ್ವರ್. ಇದನ್ನು ಮೊದಲೇ ಹೇಳಲು ಕಾರಣವಿದೆ. ಹೋಲ್‌ಸ್ಟರ್ ಯಾವುದು ಒಳ್ಳೆಯದು ಅನ್ನುವುದು ಅದರೊಳಗೆ ಕೂರುವ ಗನ್ನಿನ ಟ್ರಿಗರ್ ಎಷ್ಟು ಹಗುರ ಅನ್ನುವುದರ ಮೇಲೆ ನಿಂತಿದೆ. ಹೆಚ್ಚಿನವರು ಬಣ್ಣ, ಹೊಲಿಗೆ, ಹೊಳಪು ನೋಡಿ ಕೊಳ್ಳುತ್ತಾರೆ. ನಾನು ಈಗ ಮೊದಲು ನೋಡುವುದು ಹೋಲ್‌ಸ್ಟರ್‌ನ ಬಾಯಿ.

ಯಾಕೆ ಬಾಯಿ? ಹೋಲ್‌ಸ್ಟರ್ ಮಾಡಬೇಕಾದ ಕೆಲಸ ನಾಲ್ಕು. ಟ್ರಿಗರ್ ಗಾರ್ಡನ್ನು, ಅಂದರೆ ಟ್ರಿಗರ್ ಸುತ್ತ ಇರುವ ಬಳೆಯನ್ನು, ಪೂರ್ತಿ ಮುಚ್ಚಬೇಕು. ಓಡಿದರೂ ಬಗ್ಗಿದರೂ ಗನ್ ಬೀಳಬಾರದು. ಕೈ ಹೋದಾಗಲೆಲ್ಲ ಅದೇ ಜಾಗದಲ್ಲಿ ಇರಬೇಕು. ಗನ್ ಹೊರಗೆ ಬಂದ ಮೇಲೂ ಬಾಯಿ ತೆರೆದೇ ಇರಬೇಕು, ಒಂದೇ ಕೈಯಲ್ಲಿ ವಾಪಸ್ ಹಾಕಲು ಆಗಬೇಕು. ಮೊದಲ ಮೂರನ್ನು ಒಳ್ಳೆಯ ಚರ್ಮವೂ ಮಾಡುತ್ತದೆ, ಒಳ್ಳೆಯ ಪ್ಲಾಸ್ಟಿಕ್ಕೂ ಮಾಡುತ್ತದೆ. ವರ್ಷಗಳು ಕಳೆದಂತೆ ದಾರಿ ಬೇರೆಯಾಗುವುದು ನಾಲ್ಕನೆಯದರಲ್ಲಿ.

ಚರ್ಮದಿಂದ ಶುರು ಮಾಡೋಣ. ಒಳ್ಳೆಯ ಹೋಲ್‌ಸ್ಟರ್‌ಗೆ ಬಳಸುವುದು ಮರದ ತೊಗಟೆಯಂಥ ಗಿಡಮೂಲದ ಒಗರಿನಿಂದ ಹದ ಮಾಡಿದ ದನದ ಚರ್ಮ. ದಪ್ಪ ಸುಮಾರು 3 ಮಿಲಿಮೀಟರ್. ಅದನ್ನು ನೀರಿನಲ್ಲಿ ನೆನೆಸಿ, ಗನ್ನಿನ ಅಚ್ಚಿನ ಮೇಲೆ ಒತ್ತಿ, ಅಂಚುಗಳನ್ನು ತಿದ್ದಿ ಒಣಗಿಸುತ್ತಾರೆ. ಒಣಗಿದ ಮೇಲೆ ಅದು ಆ ಆಕಾರವನ್ನೇ ಹಿಡಿದು ನಿಲ್ಲುತ್ತದೆ. ಕುದುರೆ ಚರ್ಮದ್ದೂ ಸಿಗುತ್ತದೆ. ಅದು ಇನ್ನೂ ಒತ್ತಾಗಿರುತ್ತದೆ, ಬೆವರನ್ನು ಸ್ವಲ್ಪ ಚೆನ್ನಾಗಿ ತಡೆಯುತ್ತದೆ.

ಹೊಸದರಲ್ಲಿ ನನ್ನದು ಎಷ್ಟು ಬಿಗಿ ಇತ್ತೆಂದರೆ ಗನ್ ಎಳೆದರೆ ಪ್ಯಾಂಟೂ ಮೇಲೆ ಬರುತ್ತಿತ್ತು! ಇದು ದೋಷವಲ್ಲ. ಗುಂಡು ತೆಗೆದು, ಚೇಂಬರ್ (ಗುಂಡು ಕೂರುವ ಗೂಡು) ಖಾಲಿ ಇದೆಯಾ ಅಂತ ಎರಡು ಸಲ ನೋಡಿ, ಗನ್ನನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹೋಲ್‌ಸ್ಟರ್‌ನಲ್ಲಿ ಒಂದು ರಾತ್ರಿ ಇಟ್ಟರೆ ಸಾಕು. ಬಿಗಿ ಸಡಿಲವಾಗುತ್ತದೆ. ಎಣ್ಣೆ ಹಚ್ಚಿ ಮೆತ್ತಗೆ ಮಾಡಲು ಮಾತ್ರ ಹೋಗಬೇಡಿ. ಶೂಗೆ ಹಚ್ಚುವ ಎಣ್ಣೆ ಹೋಲ್‌ಸ್ಟರ್‌ಗೆ ವಿಷ. ಮೆತ್ತಗಾದ ಹೋಲ್‌ಸ್ಟರ್ ಸುಮ್ನೆ ಒಂದು ಚೀಲ ಅಷ್ಟೇ.

ಬಿಗಿ ಬಿಟ್ಟ ಮೇಲೆ ಬರುವ ಕಾಲ ಇದೆಯಲ್ಲ, ಅದರ ಸುಖವೇ ಬೇರೆ. ಹೊಸ ಚಪ್ಪಲಿ ಕಾಲಿಗೆ ಒಗ್ಗಿದ ಹಾಗೆ ಚರ್ಮ ಸೊಂಟಕ್ಕೆ ಒಗ್ಗುತ್ತದೆ. ಕೂತರೂ ಚುಚ್ಚುವುದಿಲ್ಲ. ಗನ್ ಎಳೆದರೆ ಸದ್ದಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಈ ಸುಖ ನನಗೆ ಇವತ್ತಿಗೂ ಸಿಕ್ಕಿಲ್ಲ.

ತೊಂದರೆ ಏನೆಂದರೆ ಚರ್ಮ ಒಗ್ಗುವುದನ್ನು ನಿಲ್ಲಿಸುವುದಿಲ್ಲ. ಬೆವರು, ಮೈಶಾಖ, ಬೆಲ್ಟಿನ ಒತ್ತಡ ಎಲ್ಲ ಸೇರಿ ಅದನ್ನು ಮೆತ್ತಗೆ ಮಾಡುತ್ತಲೇ ಇರುತ್ತವೆ. ದಿನಾ ನೋಡುವವರಿಗೆ ಅದು ಗೊತ್ತೇ ಆಗುವುದಿಲ್ಲ. ಒಂದು ದಿನ ಬಾಯಿಯ ಅಂಚು ಒಳಕ್ಕೆ ಮಡಚಿಕೊಳ್ಳಲು ಶುರುವಾಗುತ್ತದೆ. ಗನ್ ವಾಪಸ್ ಹಾಕುವಾಗ ಆ ಮಡಿಕೆ ಟ್ರಿಗರ್ ಗಾರ್ಡಿನೊಳಗೆ ತೂರಿಕೊಂಡರೆ, ಕೈ ಕೆಳಕ್ಕೆ ಒತ್ತುತ್ತದೆ, ಚರ್ಮ ಟ್ರಿಗರನ್ನು ಒತ್ತುತ್ತದೆ. ಹೀಗೆ ಸ್ವಂತ ತೊಡೆಗೇ ಗುಂಡು ಹೊಡೆದುಕೊಂಡವರಿದ್ದಾರೆ. ಬೆರಳು ಟ್ರಿಗರ್ ಮೇಲೆ ಇರಲೇ ಇಲ್ಲ ಅಂದರೂ ಗುಂಡು ಹಾರುತ್ತದೆ. ಹಗುರ ಟ್ರಿಗರ್ ಇದ್ದು ಬೇರೆ ಸೇಫ್ಟಿ ಇಲ್ಲದ ನನ್ನಂಥ ಪಿಸ್ತೂಲಿಗೆ ಇದು ಸಣ್ಣ ಮಾತಲ್ಲ.

ಇದಕ್ಕೆ ತಯಾರಕರು ಉಪಾಯ ಮಾಡಿದ್ದಾರೆ. ಬಾಯಿಯ ಸುತ್ತ ಎರಡು ಪದರ ಚರ್ಮ, ಅದರ ನಡುವೆ ತೆಳುವಾದ ಲೋಹದ ಪಟ್ಟಿ. ಚರ್ಮದ್ದೇ ಬೇಕು ಅನ್ನುವವರು ಈ ಪಟ್ಟಿ ಇಲ್ಲದ್ದನ್ನು, ಅದರಲ್ಲೂ ಪ್ಯಾಂಟಿನ ಒಳಗೆ ಹಾಕುವಂಥದ್ದನ್ನು, ಕೊಳ್ಳಲೇಬಾರದು ಅಂತ ನನ್ನ ಅಭಿಪ್ರಾಯ. ಪರೀಕ್ಷೆ ಸುಲಭ. ಖಾಲಿ ಹೋಲ್‌ಸ್ಟರ್ ಹಾಕಿ ಬೆಲ್ಟ್ ಬಿಗಿ ಮಾಡಿ. ಕುರ್ಚಿಯಲ್ಲಿ ಕೂತು ಎದ್ದೇಳಿ. ಬಾಯಿ ಮುಚ್ಚಿಕೊಂಡಿದ್ದರೆ ಅದರ ಆಯಸ್ಸು ಮುಗಿದಿದೆ. ಗನ್ನನ್ನು ಮೇಲಿನಿಂದ ಹಿಡಿದಿಡುವ, ಹೆಬ್ಬೆರಳಿನಿಂದ ಬಿಚ್ಚುವ ಚರ್ಮದ ಪಟ್ಟಿ ಇರುವಂಥದ್ದಾದರೆ ಆ ಪಟ್ಟಿಯ ಮೇಲೂ ಕಣ್ಣಿರಲಿ. ಹಳೆಯದಾದಾಗ ಅದೂ ಜೋತುಬಿದ್ದು ಒಳಗೆ ಸಿಕ್ಕಿಕೊಳ್ಳುತ್ತದೆ.

ತುಕ್ಕಿನ ವಿಷಯ ಇನ್ನೊಂದು. ಚರ್ಮ ನೀರು ಕುಡಿಯುತ್ತದೆ. ಕುಡಿದದ್ದನ್ನು ಕಬ್ಬಿಣಕ್ಕೆ ಅಂಟಿಸಿಕೊಂಡೇ ಇಟ್ಟುಕೊಳ್ಳುತ್ತದೆ. ಅದಕ್ಕೇ ಗನ್ನನ್ನು ಚರ್ಮದ ಹೋಲ್‌ಸ್ಟರ್‌ನಲ್ಲೇ ಇಟ್ಟು ಕಪಾಟಿಗೆ ಸೇರಿಸಬಾರದು. ಬ್ಲೂಯಿಂಗ್ ಮಾಡಿದ, ಅಂದರೆ ಉಕ್ಕಿಗೆ ನೀಲಿಗಪ್ಪು ಬಣ್ಣ ಬರಿಸಿದ, ಹಳೆಯ ಕಾಲದ ಫಿನಿಶ್ ಆದರಂತೂ ಬೇಗ ತುಕ್ಕು ಹಿಡಿಯುತ್ತದೆ. ಕ್ರೋಮ್ ಲವಣದಲ್ಲಿ ಹದ ಮಾಡಿದ ಮೆತ್ತನೆ ಚರ್ಮ ಇನ್ನೂ ಕೆಟ್ಟದ್ದು. ಅದರಲ್ಲಿ ಉಳಿದ ಲವಣಗಳು ಲೋಹವನ್ನು ತಿನ್ನುತ್ತವೆ. ಮಳೆಯಲ್ಲಿ ನೆನೆದರೆ ನೆರಳಿನಲ್ಲಿ ಒಣಗಿಸಿ. ಹೀಟರ್ ಮುಂದೆ ಇಟ್ಟರೆ ಕುಗ್ಗಿ ಬಿರುಕು ಬಿಡುತ್ತದೆ.

ಈಗ ಕೈಡೆಕ್ಸ್. ಇದು ಅಕ್ರಿಲಿಕ್ ಮತ್ತು ಪಿವಿಸಿ ಸೇರಿಸಿ ಮಾಡಿದ ಪ್ಲಾಸ್ಟಿಕ್ ಹಾಳೆ. 1960ರ ದಶಕದಲ್ಲಿ ವಿಮಾನದ ಒಳಭಾಗಗಳಿಗಾಗಿ ಬಂದದ್ದು. ಹೋಲ್‌ಸ್ಟರ್‌ಗೆ ಸಾಮಾನ್ಯವಾಗಿ 1.5ರಿಂದ 2.4 ಮಿಲಿಮೀಟರ್ ದಪ್ಪದ್ದನ್ನು ಬಳಸುತ್ತಾರೆ. ಸುಮಾರು 160ರಿಂದ 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಅಚ್ಚಿನ ಮೇಲೆ ಒತ್ತಿದರೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ಆಮೇಲೆ ಒಗ್ಗುವುದೂ ಇಲ್ಲ, ಬಗ್ಗುವುದೂ ಇಲ್ಲ. ಮೊದಲ ದಿನ ಹೇಗಿತ್ತೋ ಇವತ್ತೂ ನನ್ನದರ ಬಾಯಿ ಹಾಗೇ ತೆರೆದಿದೆ. ಗನ್ ಒಳಗೆ ಹೋದಾಗ ಟಕ್ ಅನ್ನುತ್ತದೆ. ಕೂತಿದೆ ಅನ್ನುವುದು ಕಿವಿಗೂ ಗೊತ್ತು, ಕೈಗೂ ಗೊತ್ತು. ಹಿಡಿತ ಜಾಸ್ತಿ ಕಡಿಮೆ ಮಾಡಲು ಟ್ರಿಗರ್ ಗಾರ್ಡ್ ಹತ್ತಿರ ಒಂದು ಸ್ಕ್ರೂ, ಅದರ ಕೆಳಗೆ ರಬ್ಬರ್ ವಾಷರ್. ಬೆವರಾದರೆ ಸೋಪು ನೀರಿನಲ್ಲಿ ತೊಳೆದು ಒರೆಸಿದರೆ ಮುಗಿಯಿತು.

ಹಾಗಂತ ಇದರ ಮೇಲೆ ದೂರು ಇಲ್ಲ ಅಂತಲ್ಲ. ಮೊದಲ ಕೆಲವು ವಾರ ಹೊಟ್ಟೆಯ ಪಕ್ಕ ಅಂಚು ಒತ್ತಿ ಕೆಂಪು ಗೆರೆ ಬೀಳುತ್ತಿತ್ತು. ಅಂಚನ್ನು ಚೆನ್ನಾಗಿ ಉಜ್ಜಿ ಗುಂಡಗೆ ಮಾಡಿದ್ದನ್ನೇ ಆರಿಸಿ. ಹೊಟ್ಟೆಯ ಮುಂದೆ ಹಾಕುವವರು ಕೆಳಗೆ ಒಂದು ಫೋಮ್ ತುಂಡು ಅಂಟಿಸಿದರೆ ಗನ್ನಿನ ಹಿಡಿ ಒಳಕ್ಕೆ ವಾಲುತ್ತದೆ, ಬಟ್ಟೆಯಡಿ ಉಬ್ಬುವುದೂ ಕಡಿಮೆ. ಗನ್ನಿನ ಮೇಲೆ ಗೀರು ಬೀಳುತ್ತದೆ ಅನ್ನುವ ದೂರು ನಿಜ. ಆದರೆ ಗೀರುವುದು ಬಹುಪಾಲು ಒಳಗೆ ಸೇರಿದ ಧೂಳು, ಮರಳು. ಚರ್ಮದಲ್ಲೂ ಇದೇ ಆಗುತ್ತದೆ. ಅಲ್ಲಿ ಮರಳು ಚರ್ಮಕ್ಕೆ ಕಚ್ಚಿಕೊಂಡು ಕೂರುತ್ತದೆ, ತೊಳೆದು ತೆಗೆಯಲೂ ಆಗುವುದಿಲ್ಲ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಕೈಡೆಕ್ಸ್ ಬಿಡಬೇಡಿ. ಕಾದು ಆಕಾರ ಕೆಡಬಹುದು.

ಕೈಡೆಕ್ಸ್‌ನ ನಿಜವಾದ ದುರ್ಬಲ ಜಾಗ ಹಾಳೆಯಲ್ಲ, ಅದಕ್ಕೆ ತಗುಲಿಸಿದ ಸಾಮಾನು. ನನ್ನದರ ಜೊತೆಗೇ ಬಂದಿದ್ದ ಪ್ಲಾಸ್ಟಿಕ್ ಕ್ಲಿಪ್ ಸವೆದು ಬೆಲ್ಟಿನ ಹಿಡಿತ ಬಿಟ್ಟಿತು. ರೇಂಜಿನಲ್ಲಿ ಗನ್ ಎಳೆದಾಗ ಹೋಲ್‌ಸ್ಟರ್ ಸಮೇತ ಕೈಗೆ ಬಂತು. ಪುಣ್ಯಕ್ಕೆ ಅದು ಅಭ್ಯಾಸ. ಈಗ ಬೆಲ್ಟಿನ ಕೆಳ ಅಂಚಿಗೆ ಕೊಕ್ಕೆ ಹಾಕಿ ಹಿಡಿಯುವ ಉಕ್ಕಿನ ಕ್ಲಿಪ್ ಹಾಕಿಸಿದ್ದೇನೆ. ಸ್ಕ್ರೂಗಳೂ ಓಡಾಡಿದಂತೆಲ್ಲ ಸಡಿಲವಾಗುತ್ತವೆ. ಸ್ಕ್ರೂವಿನ ಸುರುಳಿ ಗೆರೆಗಳಿಗೆ ಒಂದು ಹನಿ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿದರೆ ನಿಲ್ಲುತ್ತವೆ. ಕೆಂಪು ಬೇಡ, ಮತ್ತೆ ಬಿಚ್ಚಲು ಕಾಯಿಸಬೇಕಾಗುತ್ತದೆ.

ಇಲ್ಲೇ ನನ್ನ ಓಟು ತೀರ್ಮಾನವಾದದ್ದು. ಎರಡೂ ಕೆಡುತ್ತವೆ. ಕೈಡೆಕ್ಸ್‌ನ ತೊಂದರೆಯನ್ನು ಗನ್ ಕ್ಲೀನ್ ಮಾಡುವ ದಿನ ಸ್ಕ್ರೂ ಡ್ರೈವರ್ ಹಿಡಿದು ನೋಡಿದರೆ ಮೊದಲೇ ಸಿಗುತ್ತದೆ. ಸ್ಕ್ರೂ ಬಿಗಿ ಇದೆಯಾ, ಕ್ಲಿಪ್ ಸವೆದಿದೆಯಾ, ಮಡಿಕೆಯ ಹತ್ತಿರ, ರಿವೆಟ್ ಸುತ್ತ ಕೂದಲೆಳೆಯಂಥ ಬಿರುಕು ಇದೆಯಾ. ಇದೆ ಅಥವಾ ಇಲ್ಲ, ಅಷ್ಟೇ ಉತ್ತರ. ಚರ್ಮಕ್ಕೆ ಹಾಗೆ ಹೌದು-ಇಲ್ಲ ಅನ್ನುವ ಉತ್ತರ ಇಲ್ಲ. ಇವತ್ತು ನಿನ್ನೆಗಿಂತ ಎಷ್ಟು ಮೆತ್ತಗಾಗಿದೆ ಅಂತ ಯಾರು ಅಳೆಯುತ್ತಾರೆ? ಇಷ್ಟಪಟ್ಟು ಇಟ್ಟುಕೊಂಡ ಸಾಮಾನಾದರಂತೂ ಇನ್ನೂ ಸ್ವಲ್ಪ ದಿನ ಬರಲಿ ಅಂತಲೇ ಮನಸ್ಸು ಹೇಳುತ್ತದೆ, ಅಲ್ವಾ?

ಟಾರ್ಚ್ ಹಾಕುವವರಿಗೆ ಒಂದು ಎಚ್ಚರಿಕೆ. ಕೈಡೆಕ್ಸ್ ಒಂದು ಮಾಡೆಲ್‌ಗೆ ಒಂದೇ ಅಚ್ಚು. ಗನ್ನಿಗೆ ಟಾರ್ಚ್ ಸೇರಿಸಿದರೆ ಹೋಲ್‌ಸ್ಟರ್ ಬೇರೆಯೇ ಬೇಕು. ಅದರಲ್ಲೂ ಟಾರ್ಚಿನ ತಲೆ ಟ್ರಿಗರ್ ಗಾರ್ಡಿಗಿಂತ ಅಗಲವಿದ್ದರೆ, ಅದು ಒಳಗೆ ಹೋಗಲು ಬಾಯಿಯನ್ನೂ ಅಗಲ ಮಾಡಿರುತ್ತಾರೆ. ಆಗ ಟ್ರಿಗರ್ ಪಕ್ಕ ಸಂದು ಉಳಿಯುತ್ತದೆ. ಗನ್ ಖಾಲಿ ಮಾಡಿ ಒಳಗೆ ಹಾಕಿ ಮೇಲಿನಿಂದ ಕಿರುಬೆರಳು ಬಿಟ್ಟು ನೋಡಿ. ಬೆರಳಿಗೆ ಟ್ರಿಗರ್ ಸಿಕ್ಕಿದರೆ ಜಾಕೆಟ್ಟಿನ ದಾರಕ್ಕೂ ಸಿಗುತ್ತದೆ. ಎಲ್ಲ ಗನ್ನಿಗೂ ಆಗುತ್ತದೆ ಅಂತ ಮಾರುವ ಬಟ್ಟೆಯ ಹೋಲ್‌ಸ್ಟರ್‌ಗಳ ಬಗ್ಗೆ ನಾನು ಬರೆಯುವುದಿಲ್ಲ. ಅವನ್ನು ಕೊಳ್ಳಬೇಡಿ.

ಚರ್ಮದ ಬೆನ್ನಿಗೆ ಕೈಡೆಕ್ಸ್ ಚಿಪ್ಪು ಕೂಡಿಸಿದ ಹೈಬ್ರಿಡ್ಡನ್ನೂ ಕೆಲವು ಕಾಲ ಹಾಕಿದ್ದೆ. ಮೈಗೆ ಹಿತ, ನಿಜ. ಬೆವರು ಕುಡಿದ ಚರ್ಮದ ಮೇಲಂಚು ಗನ್ನಿನ ಕಡೆಗೆ ಸುರುಳಿ ಸುತ್ತಿಕೊಳ್ಳತೊಡಗಿತು. ತೆಗೆದುಹಾಕಿದೆ.

ಪ್ಯಾಂಟಿನ ಹೊರಗೆ, ಕಾಣುವ ಹಾಗೆ ಹಾಕುವವರು ಬೀಗದಂಥ ಲಾಕ್ ಇರುವ ಅಚ್ಚು ಪ್ಲಾಸ್ಟಿಕ್ ಹೋಲ್‌ಸ್ಟರ್ ನೋಡಬಹುದು. ಬೇರೆಯವರ ಕೈಗೆ ಗನ್ ಸುಲಭವಾಗಿ ಸಿಗುವುದಿಲ್ಲ. ಹೆಬ್ಬೆರಳಿನಿಂದ ಬಿಡಿಸುವ ಲಾಕ್ ಇರುವಂಥದ್ದನ್ನೇ ಆರಿಸಿ. ತೋರುಬೆರಳಿನಿಂದ ಒತ್ತುವ ಬಟನ್ ನನಗೆ ಇಷ್ಟವಿಲ್ಲ. ಅವಸರದಲ್ಲಿ ಒಳಕ್ಕೆ ಒತ್ತುತ್ತಿರುವ ಬೆರಳು ಗನ್ ಹೊರಬಂದ ಕೂಡಲೇ ಟ್ರಿಗರ್ ಮೇಲೇ ಬಂದು ಕೂರಬಹುದು.

ಬೆಲ್ಟ್ ಬಗ್ಗೆ ಒಂದೇ ಮಾತು. 38 ಮಿಲಿಮೀಟರ್ ಅಗಲದ, ಗನ್ನಿನ ಭಾರಕ್ಕೆ ತಿರುಚಿಕೊಳ್ಳದ ಗಟ್ಟಿ ಬೆಲ್ಟ್ ಇಲ್ಲದೆ ಯಾವ ಹೋಲ್‌ಸ್ಟರನ್ನೂ ಬೈಯಬೇಡಿ.

ಇನ್ನು ನನ್ನ ಚರ್ಮದ ಹೋಲ್‌ಸ್ಟರ್‌ಗೆ ಉಳಿದ ಕೆಲಸ: ರಿವಾಲ್ವರ್. ಅದಕ್ಕಂತಲೇ ಮಾಡಿಸಿದ್ದು ಒಂದಿದೆ, ಬಾಯಿಗೆ ಲೋಹದ ಪಟ್ಟಿ ಇರುವಂಥದ್ದು. ಅದರ ಡಬಲ್ ಆಕ್ಷನ್ ಟ್ರಿಗರ್, ಅಂದರೆ ಎಳೆದರೆ ತಾನೇ ಹ್ಯಾಮರ್ ಎತ್ತಿ ಬಿಡುವಂಥದ್ದು, ಉದ್ದಕ್ಕೆ ಎಳೆಯಬೇಕು, ಭಾರವೂ ಹೌದು. ಹ್ಯಾಮರ್ ಹೊರಗೇ ಇದೆ. ವಾಪಸ್ ಹಾಕುವಾಗ ಹೆಬ್ಬೆರಳನ್ನು ಹ್ಯಾಮರ್ ಮೇಲೆ ಇಟ್ಟುಕೊಂಡರೆ, ಏನಾದರೂ ಟ್ರಿಗರ್‌ಗೆ ಸಿಕ್ಕಿಕೊಂಡ ಕೂಡಲೇ ಹ್ಯಾಮರ್ ಏಳುವುದು ಬೆರಳಿಗೆ ತಿಳಿಯುತ್ತದೆ. ಅಲ್ಲೇ ನಿಲ್ಲಿಸಬಹುದು. ಸ್ಟ್ರೈಕರ್ ಪಿಸ್ತೂಲುಗಳಲ್ಲಿ ಸಾಮಾನ್ಯವಾಗಿ ಈ ಸುಳಿವು ಸಿಗುವುದಿಲ್ಲ. ಸಿಲಿಂಡರಿನ ಉಬ್ಬಿಗೂ ಚರ್ಮ ಚೆನ್ನಾಗಿ ಕೂರುತ್ತದೆ. ಗನ್ ಯಾವುದೇ ಇರಲಿ, ವಾಪಸ್ ಹಾಕಲು ಯಾರೂ ನಿಮ್ಮನ್ನು ಅವಸರ ಪಡಿಸುತ್ತಿರುವುದಿಲ್ಲ. ಅಂಗಿ ಪೂರ್ತಿ ಎತ್ತಿ, ಬೆರಳು ನೇರ ಹೊರಗಿಟ್ಟು, ಕಣ್ಣಿನಿಂದ ನೋಡಿ, ನಿಧಾನವಾಗಿ ಹಾಕಿ. ಎಲ್ಲೋ ತಡೆದಂತೆ ಅನ್ನಿಸಿದರೆ ಒತ್ತಬೇಡಿ. ಗನ್ ಹೊರಗೆ ತೆಗೆದು, ಏನು ತಡೆಯುತ್ತಿದೆ ಅಂತ ನೋಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವ ಯೋಚನೆ ಇದ್ದರೆ: ಅದೇ ಮಾಡೆಲ್‌ನ ಕೈಡೆಕ್ಸ್ ಆದರೆ ಬಿರುಕು ನೋಡಿ, ಸ್ಕ್ರೂ ಮತ್ತು ಕ್ಲಿಪ್ ಹೊಸದು ಹಾಕಿಸಿ ಬಳಸಬಹುದು. ಬೇರೆಯವರ ಸೊಂಟದಲ್ಲಿ ಹಳೆಯದಾದ ಚರ್ಮ ಎಷ್ಟೇ ಚಂದ ಕಂಡರೂ ಬೇಡ.