ಡೆಸ್ಕ್‌ಟಾಪ್ ಒಳಗೆ ಕೂರೋ ಎರಡು ಡಿಸ್ಕ್ ಮಿರರ್ ಬಾಕ್ಸ್: ಸ್ಟುಡಿಯೋದವ್ರು ತಗೋಬಹುದಾ?

ಮದುವೆ ಫೋಟೋ ತೆಗೆಯೋರಿಗೆ ಕ್ಯಾಮೆರಾ ಕೈ ಕೊಟ್ರೆ ಬಾಡಿಗೆಗೆ ಇನ್ನೊಂದು ಸಿಗುತ್ತೆ, ಆದ್ರೆ ಹಾರ್ಡ್ ಡಿಸ್ಕ್ ಹೋದ್ರೆ ಆ ಧಾರೆ, ಆ ಆರತಕ್ಷತೆ ಮತ್ತೆ ಮಾಡ್ಸೋಕಾಗಲ್ಲ. ಆಲ್ಬಮ್ ಕೊಟ್ಟು ದುಡ್ಡೆಲ್ಲ ಚುಕ್ತಾ ಆಗಿ ವರ್ಷಗಟ್ಟಲೆ ಆದ್ಮೇಲೂ ಬಂದು "ಅಣ್ಣಾ, ತಾತ ತೀರ್ಕೊಂಡ್ರು, ನಮ್ ಮದುವೇಲಿ ತೆಗೆದಿದ್ದು ಅವ್ರದೊಂದು ಒಳ್ಳೆ ಫೋಟೋ ಇದ್ಯಾ ನೋಡಿ" ಅಂತ ಕೇಳ್ತಾರೆ, ಅವಾಗ ಇಲ್ಲ ಅನ್ನೋಕೆ ಬಾಯಿ ಬರಲ್ಲ. ಅದಕ್ಕೇ ಸ್ಟುಡಿಯೋ ಎಡಿಟಿಂಗ್ ಪಿಸಿಗೆ ಈ ಮಿರರ್ ಬಾಕ್ಸ್ (ಒಂದೇ ಫೈಲನ್ನ ಎರಡು ಡಿಸ್ಕಲ್ಲೂ ಒಟ್ಟಿಗೆ ಇಡೋ ಡಬ್ಬ) ಹಾಕಿದ್ದು. ತಂದಿದ್ದು ಬೆಂಗಳೂರು ಎಸ್‌ಪಿ ರೋಡಿಂದ. ಒಂದೇ ಮಾಲು ಬೇರೆ ಬೇರೆ ಸ್ಟಿಕ್ಕರ್ ಹಾಕ್ಕೊಂಡು ಬರುತ್ತೆ ಅದಕ್ಕೆ ಬ್ರ್ಯಾಂಡ್ ಹೆಸ್ರು ಬರೀತಿಲ್ಲ, ಇದರ ಗುಣ ನೋಡ್ಕೊಂಡು ನೀವು ಆರಿಸ್ಕೊಳ್ಳಿ.

ಮೊದ್ಲು ಡಿವಿಡಿ ರೈಟರ್ ಕೂರ್ತಿತ್ತಲ್ಲ, ಆ 5.25 ಇಂಚಿನ ಜಾಗ ಎರಡು ಸೇರಿದ್ರೆ ಇದು ಕರೆಕ್ಟಾಗಿ ಕೂರುತ್ತೆ. ಮುಂದುಗಡೆ ಎರಡು ಪುಟ್ಟ ಬಾಗಿಲು, ತೆಗೆದು 3.5 ಇಂಚಿನ ಡಿಸ್ಕ್ ಒಳಗೆ ತಳ್ಳಿ ಬಾಗಿಲು ಹಾಕಿದ್ರೆ ಆಯ್ತು. ಹಿಂದುಗಡೆಯಿಂದ ಮದರ್‌ಬೋರ್ಡ್‌ಗೆ ಹೋಗೋದು ಒಂದೇ ಸಾಟಾ ಕೇಬಲ್. ಎರಡೂ ಡಿಸ್ಕಿಗೆ ಒಂದೇ ಥರ ಬರೆಯೋ ಕೆಲ್ಸ ಬಾಕ್ಸ್ ಒಳಗಿರೋ ಚಿಪ್‌ದು, ವಿಂಡೋಸ್‌ಗೆ ಕಾಣೋದು ಒಂದೇ ಡಿಸ್ಕ್, ಡ್ರೈವರ್ ಗೀವರ್ ಏನೂ ಬೇಕಿಲ್ಲ. ವಿಂಡೋಸ್‌ನಲ್ಲೇ ಸ್ಟೋರೇಜ್ ಸ್ಪೇಸಸ್ ಇದೆ, ಲಿನಕ್ಸ್‌ನಲ್ಲಿ ಎಂಡಿಎಡಿಎಂ ಇದೆ, ಪುಕ್ಕಟೆ ಮಿರರ್ ಮಾಡ್ಬಹುದು ಅಂತ ಗೊತ್ತಿರೋರು ಹೇಳ್ತಾರೆ, ಅದು ನಿಜಾನೇ, ಆದ್ರೆ ಸ್ಟುಡಿಯೋದಲ್ಲಿ ಕೆಲ್ಸದ ಹುಡುಗ್ರು ಬದಲಾಗ್ತಾನೇ ಇರ್ತಾರೆ, ಯಾರೋ ಒಬ್ರು ವಿಂಡೋಸ್ ಹೊಸದಾಗಿ ಹಾಕಿದ್ರೂ ಮಿರರ್‌ಗೆ ಏನೂ ಆಗ್ಬಾರ್ದು ಅನ್ನೋರಿಗೆ ಬಾಕ್ಸೇ ಸರಿ.

ಫಿಟ್ಟಿಂಗ್‌ನಲ್ಲಿ ಜಾಸ್ತಿ ಗಮನ ಬೇಕಾಗಿರೋದು ಸ್ಕ್ರೂಗೆ. 3.5 ಇಂಚಿನ ಹಾರ್ಡ್ ಡಿಸ್ಕ್‌ಗೆ ಬರೋದು ದಪ್ಪ ಥ್ರೆಡ್ಡಿನ 6-32 ಸ್ಕ್ರೂ, ಡಿವಿಡಿ ಡ್ರೈವ್ ಜಾಗದಲ್ಲಿ ಕೂರೋ ಸಾಮಾನಿಗೆ ಬೇಕಾಗಿರೋದು ಸಣ್ಣ ಥ್ರೆಡ್ಡಿನ ಎಂ3. ದೂರದಿಂದ ನೋಡಿದ್ರೆ ಎರಡೂ ಒಂದೇ ಥರ. ತಪ್ಪು ಸ್ಕ್ರೂ ಎರಡು ಸುತ್ತು ಹೋಗಿ ಬಿಗಿಯಾಗಿ ನಿಂತ್ಬಿಡುತ್ತೆ, ಅಲ್ಲಿ ಬಲ ಹಾಕಿದ್ರೆ ಥ್ರೆಡ್ ಹೋಯ್ತು ಅಂತಾನೇ ಲೆಕ್ಕ. ಬಾಕ್ಸ್ ಜೊತೆ ಕೊಟ್ಟಿರೋ ಸ್ಕ್ರೂನೇ ಹಾಕಿ, ಬೆರಳಲ್ಲೇ ಮೂರ್ನಾಲ್ಕು ಸುತ್ತು ಸಲೀಸಾಗಿ ಹೋದ್ಮೇಲೆ ಸ್ಕ್ರೂಡ್ರೈವರ್ ಹಿಡೀರಿ. ಪವರ್ ಕೇಬಲ್ ಆದಷ್ಟು ಎಸ್‌ಎಂಪಿಎಸ್‌ನಿಂದ (ಪಿಸಿಗೆ ಕರೆಂಟ್ ಕೊಡೋ ಪೆಟ್ಟಿಗೆ) ನೇರ ಕೊಡಿ, ಅಗ್ಗದ ಕನ್ವರ್ಟರ್ ಕೇಬಲ್ ಬೇಡ, ಎರಡು ಡಿಸ್ಕ್ ಒಟ್ಟಿಗೆ ತಿರುಗೋಕೆ ಶುರುವಾದಾಗ 12 ವೋಲ್ಟ್ ಲೈನ್‌ನಿಂದ ಕರೆಂಟ್ ಜೋರಾಗೇ ಎಳೆಯುತ್ತೆ.

ಡಿಸ್ಕ್ ವಿಷಯದಲ್ಲಿ ದುಡ್ಡು ಉಳಿಸೋಕೆ ಹೋಗ್ಬೇಡಿ. 2020ರಲ್ಲಿ ಡಬ್ಲ್ಯೂಡಿ (ವೆಸ್ಟರ್ನ್ ಡಿಜಿಟಲ್) ಕಂಪನಿಯವ್ರು ತಮ್ಮ ರೆಡ್ ಡಿಸ್ಕ್‌ಗಳಲ್ಲಿ 2ರಿಂದ 6 ಟಿಬಿವರೆಗಿನ ಕೆಲವು ಎಸ್‌ಎಂಆರ್ ಅಂತ ಒಪ್ಕೊಂಡ್ರು, ಆಮೇಲೇ ಸಿಎಂಆರ್ (ಹೊದ್ದಿಸದೆ ಬೇರೆ ಬೇರೆ ಟ್ರ್ಯಾಕಲ್ಲಿ ಬರೆಯೋ) ಡಿಸ್ಕ್‌ಗಳನ್ನ ರೆಡ್ ಪ್ಲಸ್ ಅಂತ ಬೇರೆ ಮಾಡಿದ್ದು. ಎಸ್‌ಎಂಆರ್‌ನಲ್ಲಿ ಟ್ರ್ಯಾಕ್ (ಡಿಸ್ಕ್ ಮೇಲಿನ ಬರಹದ ಸಾಲು) ಮೇಲೆ ಟ್ರ್ಯಾಕ್ ಸ್ವಲ್ಪ ಹೊದ್ದಿಸಿ ಬರೀತಾರೆ, ಒಂದೇ ಸಮ ಗಂಟೆಗಟ್ಟಲೆ ಬರೆಯೋ ಕೆಲ್ಸ ಬಂದ್ರೆ ತುಂಬಾ ನಿಧಾನ ಆಗ್ಬಹುದು, ಮಿರರ್ ರೀಬಿಲ್ಡ್ (ಒಂದು ಡಿಸ್ಕಲ್ಲಿರೋದನ್ನ ಇನ್ನೊಂದಕ್ಕೆ ಪೂರ್ತಿ ಮತ್ತೆ ಬರೆಯೋದು) ಅಂದ್ರೆ ಅದೇ ಕೆಲ್ಸ ತಾನೇ. ರೆಡ್ ಪ್ಲಸ್ ಅಥವಾ ಸೀಗೇಟ್ ಐರನ್‌ವುಲ್ಫ್ ಅಂತ ಹೆಸರು ಹೇಳಿ ಕೇಳಿ, ಅಂಗಡಿಯವ್ರು ಸಿಸಿಟಿವಿ ಡಿಸ್ಕ್ ಕೊಟ್ಟು ಎಲ್ಲಾ ಒಂದೇ ಸಾರ್ ಅಂದ್ರೆ ಬೇಡ ಅಂತ ಹೇಳಿ. ಎರಡು ಡಿಸ್ಕನ್ನೂ ಒಂದೇ ಅಂಗಡಿಯಲ್ಲಿ ಒಂದೇ ದಿನ ತಗೋಬೇಡಿ, ಲೇಬಲ್ ಮೇಲೆ ತಯಾರಾದ ದಿನಾಂಕ ಇರುತ್ತೆ, ಅದು ಬೇರೆ ಬೇರೆ ಇದ್ರೆ ಒಳ್ಳೇದು, ಒಂದೇ ಬ್ಯಾಚಿಂದಾದ್ರೆ ಒಂದೇ ದೋಷ ಎರಡರಲ್ಲೂ ಇರ್ಬಹುದು.

ಹಿಂದುಗಡೆ ಸಣ್ಣ ಸ್ವಿಚ್ ಇದೆ, ಖಾಲಿ ಡಿಸ್ಕ್ ಹಾಕಿ ರೇಡ್ 1ಕ್ಕೆ (ಮಿರರ್‌ಗೆ ಇರೋ ಹೆಸರು) ಇಟ್ಟು ಬಟನ್ ಒತ್ತಿ ಹಿಡಿದ್ರೆ ಸೆಟ್ ಆಗುತ್ತೆ (ಡಿಸ್ಕಲ್ಲಿ ಏನಿದ್ರೂ ಅಳಿಸಿಹೋಗುತ್ತೆ, ನೆನಪಿರ್ಲಿ). ಆಮೇಲೆ ಡಿಸ್ಕ್ ಜಾಗದ ಪಟ್ಟಿ ಯಾವ ರೀತೀಲಿ ಇಡ್ಬೇಕು ಅಂತ ವಿಂಡೋಸ್ ಕೇಳಿದಾಗ ಜಿಪಿಟಿ ಅಂತ ಕೊಡಿ, ಎಂಬಿಆರ್ ಕೊಟ್ರೆ 2 ಟಿಬಿ ದಾಟಿ ಬಳಸೋಕಾಗಲ್ಲ. 4 ಟಿಬಿ ಡಿಸ್ಕ್ ಎರಡು ಹಾಕಿದ್ರೂ ಸಿಗೋದು ಒಂದರ ಜಾಗ, ಅದೂ ವಿಂಡೋಸ್‌ನಲ್ಲಿ 3.63 ಟಿಬಿ ಅಂತ ಕಾಣುತ್ತೆ (ವಿಂಡೋಸ್ ಎಣಿಸೋ ಲೆಕ್ಕ ಬೇರೆ, ಜಾಗ ಏನೂ ಕಳೆದಿರಲ್ಲ).

ಈಗ ನಾನು ಒತ್ತಿ ಹೇಳ್ಬೇಕಾಗಿರೋ ಮಾತು. ಒಂದು ಫೋಟೋ ಕೂಡ ಅದಕ್ಕೆ ಒಪ್ಪಿಸೋ ಮುಂಚೆ ಎರಡು ಪರೀಕ್ಷೆ ಮಾಡ್ಲೇಬೇಕು. ಮೊದಲನೇದು, ಬೇರೆ ಕಡೆ ಕಾಪಿ ಇರೋ ಫೋಟೋಗಳ ಒಂದು ಫೋಲ್ಡರ್ ಹಾಕಿ, ಕಾಪಿ ಆಗ್ತಾ ಇದ್ದಂಗೇ ಒಂದು ಬಾಗಿಲು ತೆಗೆದು ಡಿಸ್ಕ್ ಎಳೆದೆ. ಕೀ ಅಂತ ಬಜರ್ ಹೊಡ್ಕೊಳ್ತು, ಲೈಟ್ ಕೆಂಪಾಯ್ತು, ಕಾಪಿ ಮಾತ್ರ ನಿಲ್ಲಲಿಲ್ಲ, ಕೊನೇ ಫೈಲ್‌ವರೆಗೂ ಹೋಯ್ತು. ಡಿಸ್ಕ್ ವಾಪಸ್ ಹಾಕಿದ್ಮೇಲೆ ರೀಬಿಲ್ಡ್ ತಾನಾಗೇ ಶುರುವಾಯ್ತು. ಡಿಸ್ಕಲ್ಲಿ ನಾಲ್ಕೇ ಫೋಟೋ ಇದ್ರೂ ಚಿಪ್‌ಗೆ ಅದು ಗೊತ್ತಾಗಲ್ಲ, ಇಡೀ ಡಿಸ್ಕ್ ಬರೆಯುತ್ತೆ, ಸೆಕೆಂಡಿಗೆ 150 ಎಂಬಿ ಲೆಕ್ಕ ಹಾಕಿದ್ರೂ 4 ಟಿಬಿಗೆ ಏಳೂವರೆ ಗಂಟೆ ಹತ್ರ ಆಗುತ್ತೆ. ನಮ್ಮ ಕಡೆ ಕರೆಂಟ್ ಹೋಗಿ ಬರೋದು ಗೊತ್ತಲ್ಲ, ಯುಪಿಎಸ್ ಇಲ್ದೆ ಇದನ್ನ ಹಾಕ್ಲೇಬೇಡಿ.

ಎರಡನೇ ಪರೀಕ್ಷೆ ಇನ್ನೂ ಮುಖ್ಯ, ಇದನ್ನ ಮಾತ್ರ ಬಹಳ ಜನ ಮಾಡಲ್ಲ. ಡಿಸ್ಕ್ ಹೋದ್ರೆ ಸರಿ, ಬಾಕ್ಸೇ ಸತ್ರೆ? ಐದಾರು ವರ್ಷ ಆದ್ಮೇಲೆ ಈ ಮಾಡೆಲ್ ಮಾರ್ಕೆಟ್ಟಲ್ಲಿ ಇರುತ್ತೆ ಅಂತ ನಂಬೋಕಾಗಲ್ಲ. ಅದಕ್ಕೆ ಒಂದು ಡಿಸ್ಕ್ ತೆಗೆದು ಬೇರೆ ಪಿಸಿಯ ಸಾಟಾ ಪೋರ್ಟ್‌ಗೆ ನೇರ ಹಾಕಿ ನೋಡ್ದೆ, ಮಾಮೂಲಿ ಡಿಸ್ಕ್ ಥರಾನೇ ತೆರ್ಕೊಳ್ತು, ಫೋಟೋ ಎಲ್ಲಾ ಇದ್ವು. ಎಲ್ಲಾ ಬಾಕ್ಸೂ ಹಿಂಗಿರಲ್ಲ, ಕೆಲವು ತಮ್ಮದೇ ರೀತೀಲಿ ಬರ್ಕೊಂಡಿರ್ತವೆ, ಆ ಡಿಸ್ಕ್ ಹೊರಗಡೆ ತೆರೆಯೋದೇ ಇಲ್ಲ. ನಿಮ್ಮದು ಈ ಪರೀಕ್ಷೆ ಪಾಸಾಗ್ಲಿಲ್ಲ ಅಂದ್ರೆ ಅಂಗಡಿಗೆ ವಾಪಸ್ ಕೊಡಿ, ಮುಲಾಜು ಬೇಡ.

ಇಷ್ಟ ಆಗ್ದೇ ಇರೋದು ಹೇಳ್ಬೇಕಂದ್ರೆ ಹಿಂದಿರೋ 40 ಎಂಎಂ ಫ್ಯಾನ್ ಒಂದೇ ಸಮ ಗುಂಯ್ ಅನ್ನುತ್ತೆ, ವಿಡಿಯೋ ಎಡಿಟಿಂಗ್‌ನಲ್ಲಿ ಆಡಿಯೋ ನೋಡೋರಿಗೆ ಕಿರಿಕಿರಿ. ಬಾಗಿಲಿನ ಲಾಕ್ ಪ್ಲಾಸ್ಟಿಕ್, ಮಕ್ಕಳು ಓಡಾಡೋ ಜಾಗ ಆದ್ರೆ ಭಯ ಆಗುತ್ತೆ. ಡಿಸ್ಕ್ ಆರೋಗ್ಯ ತೋರಿಸೋ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್‌ನಲ್ಲಿ ಎರಡು ಡಿಸ್ಕ್‌ಗಳ ಆರೋಗ್ಯ ಬೇರೆ ಬೇರೆ ಕಾಣಲ್ಲ, ಇದು ನನ್ನ ಪ್ರಕಾರ ದೊಡ್ಡ ಕೊರತೆ, ಯಾಕಂದ್ರೆ ಬ್ಯಾಡ್ ಸೆಕ್ಟರ್ (ಡಿಸ್ಕಲ್ಲಿ ಕೆಟ್ಟ ಜಾಗ) ಶುರುವಾಗಿದ್ದು ಮುಂಚೇನೇ ಗೊತ್ತಾಗಲ್ಲ, ಪೂರ್ತಿ ಹೋದ್ಮೇಲೇ ಬಜರ್. ಆರು ತಿಂಗಳಿಗೊಮ್ಮೆ ಪಿಸಿ ಆಫ್ ಮಾಡಿ ಎರಡೂ ಡಿಸ್ಕ್ ತೆಗೆದು ಒಂದೊಂದಾಗಿ ಬೇರೆ ಪಿಸಿಗೆ ಹಾಕಿ ಸ್ಮಾರ್ಟ್ ರಿಪೋರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡೋ ವರದಿ) ನೋಡೋದು ಅಂತ ಇಟ್ಕೊಂಡಿದೀನಿ, ನೋಡೋದಷ್ಟೇ, ಅದಕ್ಕೆ ಏನೂ ಬರೆಯೋಕೆ ಹೋಗ್ಬಾರ್ದು, ಎರಡರಲ್ಲೂ ಇರೋದು ಒಂದೇ ಆಗಿರ್ಬೇಕು.

ಇನ್ನೊಂದು, ಇದು ಬ್ಯಾಕಪ್ ಅಲ್ಲ. ನೀವು ಫೋಲ್ಡರ್ ಡಿಲೀಟ್ ಮಾಡಿದ್ರೆ ಎರಡೂ ಡಿಸ್ಕಿಂದ ಆ ಕ್ಷಣಾನೇ ಹೋಗುತ್ತೆ, ರಾನ್ಸಮ್‌ವೇರ್ (ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ವೈರಸ್) ಬಂದ್ರೂ ಎರಡೂ ಲಾಕ್ ಆಗುತ್ತೆ. ಪ್ರತಿ ಮದುವೆ ಮುಗಿದ್ಮೇಲೆ ಒಂದು ಯುಎಸ್‌ಬಿ ಡಿಸ್ಕಿಗೆ ಕಾಪಿ ಮಾಡಿ ಅದನ್ನ ಸ್ಟುಡಿಯೋದಲ್ಲಿ ಇಡದೆ ಮನೇಲಿ ಇಡಿ.

ಬಾಕ್ಸ್‌ಗೆ ಕೊಟ್ಟಿದ್ದು ಒಂದು ಡಿಸ್ಕ್ ಬೆಲೆಗಿಂತ ಕಮ್ಮೀನೇ, ಕೊಟ್ಟ ದುಡ್ಡಿಗೆ ಮೋಸ ಇಲ್ಲ, ಐದಕ್ಕೆ ನಾಲ್ಕು ಸ್ಟಾರ್. ತಗೊಳ್ಳೋ ಮುಂಚೆ ಕ್ಯಾಬಿನೆಟ್ ಮುಂದುಗಡೆ ನೋಡ್ಕೊಳ್ಳಿ, ಗಾಜಿನ ಪಕ್ಕದ ಈಗಿನ ಕ್ಯಾಬಿನೆಟ್‌ಗಳಲ್ಲಿ ಬಹಳಷ್ಟಕ್ಕೆ 5.25 ಇಂಚಿನ ಜಾಗಾನೇ ಇರಲ್ಲ, ಅಂಥವ್ರು ಹೊರಗಿಡೋ ಯುಎಸ್‌ಬಿ ಮಿರರ್ ಬಾಕ್ಸ್ ನೋಡಿ, ಅದಕ್ಕೂ ಇದೇ ಎರಡು ಪರೀಕ್ಷೆ ಮಾಡಿ.